ಲ್ಯಾಬಿಗೆ ಯಾರೂ ಒಬ್ಬರೇ ಹೋಗಲಿಲ್ಲ

ಹತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಕುರಿ ಕಾಯುವವರ ಮನೆಯ ಹುಡುಗಿ. ಎತ್ತರದ ಆಳು, ಉದ್ದನೆಯ ಕಾಲು. ಅವಳು ನಡೆದರೆ ನಾನು ಪಕ್ಕದಲ್ಲಿ ಓಡಬೇಕಾಗುತ್ತಿತ್ತು. ಬೈದರೂ ಅವಳ ದನಿಯಲ್ಲಿ ನಗು ಇರುತ್ತಿತ್ತು. ಗಣಿತದ ಲೆಕ್ಕ ಬಾರದಿದ್ದರೆ ಹಾಳೆಯ ಅಂಚಿಗೆ ಕುರಿ ಬರೆಯುತ್ತಿದ್ದಳು. ಕಷ್ಟದ ಅಧ್ಯಾಯ ಬಂದಾಗ ಪುಸ್ತಕದಲ್ಲಿ ಒಂದು ಮಂದೆಯೇ ಮೇಯುತ್ತಿತ್ತು.

ನಮ್ಮ ಶಾಲೆ ಹಿರಿಯೂರು ತಾಲ್ಲೂಕಿನ ಒಂದು ಊರಿನ ಸರ್ಕಾರಿ ಪ್ರೌಢಶಾಲೆ. ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿ ಈಗಲೂ ಹುಡುಗಿಯರು ಓದುತ್ತಿದ್ದಾರೆ, ಅವರ ಪಾಡಿಗೆ ಅವರು ಓದಿಕೊಂಡಿರಲಿ. ಸುತ್ತಲಿನ ಹಳ್ಳಿ, ಹಟ್ಟಿಗಳಿಂದ ನಾವು ಬೆಳಗಿನ ಬಸ್ಸಿಗೆ ಬರುತ್ತಿದ್ದೆವು. ಬಸ್ಸು ತುಂಬಿ ಬಾಗಿಲು ಮುಚ್ಚದಿದ್ದ ದಿನ ನೀರಿನ ಚಾನಲ್ ಏರಿಯ ಮೇಲೆ ತೆಂಗಿನ ತೋಟಗಳ ಪಕ್ಕ ನಡೆದೇ ಬರುತ್ತಿದ್ದೆವು. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಸುತ್ತುತ್ತಿದ್ದವು. ತಡವಾದರೆ ಹೆಡ್ ಮಾಸ್ಟರು ಗೇಟಿನ ಹತ್ತಿರ ನಿಂತು ವಾಚು ನೋಡಿಕೊಳ್ಳುತ್ತಿದ್ದರು, ಬೈಯುತ್ತಿರಲಿಲ್ಲ. ಒಟ್ಟಿನಲ್ಲಿ ನಮಗೆ ಶಾಲೆಯೆಂದರೆ ಇಷ್ಟ. ಮನೆಯಲ್ಲಿದ್ದರೆ ಈರುಳ್ಳಿ ಕಳೆ ಕೀಳಬೇಕು, ಶಾಲೆಯಲ್ಲಿದ್ದರೆ ನೆರಳು, ಗೆಳತಿಯರು, ಬಿಸಿಯೂಟ.

ಇಷ್ಟವಿಲ್ಲದ ಜಾಗ ಒಂದೇ ಇತ್ತು. ಹಿಂದಿನ ಕಟ್ಟಡದ ಕೊನೆಯ ಕೋಣೆ, ವಿಜ್ಞಾನದ ಲ್ಯಾಬು.

ವಿಜ್ಞಾನದ ಮೇಷ್ಟ್ರು ಪಾಠ ಚೆನ್ನಾಗಿ ಮಾಡುತ್ತಿದ್ದರು. ಊರಲ್ಲಿ ಅವರಿಗೆ ದೊಡ್ಡ ಹೆಸರು. ಹೋಟೆಲಿನ ಮುಂದೆ ಅವರು ಬಂದರೆ ಬೆಂಚಿನ ಮೇಲೆ ಕೂತವರು ಎದ್ದು ಜಾಗ ಬಿಡುತ್ತಿದ್ದರು. ರೆಕಾರ್ಡ್ ಬುಕ್ ತಿದ್ದುತ್ತೇನೆ ಎಂದು ಅವರು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಲ್ಯಾಬಿಗೆ ಕರೆಯುತ್ತಿದ್ದರು. ಹುಡುಗರ ಪುಸ್ತಕವನ್ನು ಮಾತ್ರ ಕ್ಲಾಸಿನಲ್ಲೇ ತಿದ್ದುತ್ತಿದ್ದರು. ಲ್ಯಾಬಿನಲ್ಲಿ ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಪೆನ್ನು ಹಿಡಿದು ಇನ್ನೊಂದು ಕೈಯನ್ನು ಇಡಬಾರದ ಕಡೆ ಇಡುತ್ತಿದ್ದರು. ಹೊರಗೆ ಬಂದಮೇಲೆ ನಾನು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ನನಗೊಬ್ಬಳಿಗೇ ಹೀಗಾಗುತ್ತಿದೆ, ನನ್ನಲ್ಲೇ ಏನೋ ಐಬು ಇದೆ ಎಂದುಕೊಂಡಿದ್ದೆ. ನಲ್ಲಿಯ ಹತ್ತಿರ ಬೇರೆ ಹುಡುಗಿಯರೂ ಮುಖ ತೊಳೆಯುತ್ತಿದ್ದರು. ಅದನ್ನು ನಾನು ನೋಡಿದ್ದೆ. ಬಿಸಿಲಿಗೆ ತೊಳೆಯುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ನಾವೊಂದಷ್ಟು ಜನ ತಟ್ಟೆ ಹಿಡಿದು ಕೂತಿದ್ದೆವು. ಒಂಬತ್ತನೇ ತರಗತಿಯ ಒಬ್ಬಳು ಸಣ್ಣ ಹುಡುಗಿ ಮೊಟ್ಟೆಯನ್ನೂ ಮುಟ್ಟದೆ ಸುಮ್ಮನೆ ಕೂತಿದ್ದಳು. ಮೊಟ್ಟೆಯೆಂದರೆ ಪ್ರಾಣ ಬಿಡುವ ಹುಡುಗಿ ಅದು.

ನನ್ನ ಗೆಳತಿ ಕೇಳಿದಳು: "ಯಾಕ್ಲೇ? ಹುಷಾರಿಲ್ಲೇನು?"

"ಊಟ ಆದ್ಮೇಲೆ ಲ್ಯಾಬಿಗೆ ಬಾ ಅಂದಾರೆ. ನಾನು ಹೋಗಲ್ಲಕ್ಕ," ಎಂದು ಆ ಹುಡುಗಿ ಅಳಲು ಶುರುಮಾಡಿತು.

ಯಾಕೆ ಎಂದು ಯಾರೂ ಕೇಳಲಿಲ್ಲ. ಅದೇ ವಿಚಿತ್ರ. ಎಲ್ಲರೂ ತಟ್ಟೆ ನೋಡುತ್ತ ಕೂತೆವು. ಆಮೇಲೆ ನನ್ನ ಗೆಳತಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು, ತಟ್ಟೆಯನ್ನು ನೆಲಕ್ಕಿಟ್ಟು ಹೇಳಿದಳು: "ನಂಗೂ ಹಂಗೇ ಮಾಡ್ಯಾನೆ."

ಮೇಷ್ಟ್ರನ್ನು ಅವಳು ಏಕವಚನದಲ್ಲಿ ಕರೆದದ್ದು ಕೇಳಿ ನಾನು ಸುತ್ತ ಯಾರಾದರೂ ಇದ್ದಾರಾ ಎಂದು ನೋಡಿದೆ. ನಮ್ಮ ಎದುರಿಗೆ ಕೂತಿದ್ದ ಇನ್ನೊಬ್ಬಳು ಮೆಲ್ಲಗೆ, "ನಂಗೂ," ಎಂದಳು. ನಾನೂ ಹೇಳಿದೆ. ಹೇಳಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ, ಬದಲಿಗೆ ಹೊಟ್ಟೆ ಹಸಿಯಿತು. ನಾವೆಲ್ಲ ಸೇರಿ ಆ ಸಣ್ಣ ಹುಡುಗಿಗೆ ನಮ್ಮ ನಮ್ಮ ಮೊಟ್ಟೆಯಲ್ಲಿ ಪಾಲು ಕೊಟ್ಟೆವು. ಅದು ಅಳುತ್ತಲೇ ಎಲ್ಲವನ್ನೂ ತಿಂದಿತು.

"ಇವತ್ತು ನೀನು ಲ್ಯಾಬಿಗೆ ಹೋಗು," ಎಂದಳು ನನ್ನ ಗೆಳತಿ. "ನಾವೂ ಬತ್ತೀವಿ. ಎಲ್ರೂ ಹೋಗಾಣ."

ಹೋದೆವು. ಬಾಗಿಲಲ್ಲಿ ಅಷ್ಟು ಹುಡುಗಿಯರನ್ನು ಕಂಡು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ನಿಮ್ಮನ್ಯಾರು ಕರೆದದ್ದು?"

"ಡೌಟ್ ಐತೆ ಸಾರ್," ಎಂದಳು ಗೆಳತಿ.

"ಯಾರಿಗೆ?"

"ಎಲ್ರಿಗೂ ಐತೆ ಸಾರ್."

"ಏನು ಡೌಟು?"

ಅವಳು ಅದನ್ನು ಯೋಚಿಸಿರಲಿಲ್ಲ. ಒಂದು ಕ್ಷಣ ನನ್ನ ಕಡೆ ನೋಡಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ: "ನಿಮ್ನ ದರ್ಪಣ ಸಾರ್." ಅವರು ಬೇರೆ ದಾರಿಯಿಲ್ಲದೆ ನಮಗೆಲ್ಲ ನಿಮ್ನ ದರ್ಪಣದ ಪಾಠ ಮಾಡಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನನಗೆ ಪೂರ್ತಿ ಗೊತ್ತಿದ್ದ ಪ್ರಶ್ನೆ ಅದೊಂದೇ.

ಅವತ್ತಿನಿಂದ ಅದು ನಮ್ಮ ಕಟ್ಟಳೆಯಾಯಿತು. ಲ್ಯಾಬಿಗೆ ಯಾರೂ ಒಬ್ಬರೇ ಹೋಗಬಾರದು. ಯಾರನ್ನು ಕರೆದರೂ ಜೊತೆಗೆ ಇನ್ನಿಬ್ಬರು ಎದ್ದು ಹೊರಡುತ್ತಿದ್ದರು. ಎಂಟನೇ ತರಗತಿಯವರಿಗೆ ಕಾರಣ ಹೇಳಲಿಲ್ಲ. ಕರೆದರೆ ನಮ್ಮ ಕ್ಲಾಸಿನ ಕಿಟಕಿಯ ಹತ್ತಿರ ಬಂದು ನಿಲ್ಲಿ ಎಂದಷ್ಟೇ ಹೇಳಿದ್ದೆವು. ಕಿಟಕಿಯಲ್ಲಿ ಸಣ್ಣ ತಲೆ ಕಂಡರೆ ಸಾಕು, ನನ್ನ ಗೆಳತಿ ಗಣಿತದ ಮೇಷ್ಟ್ರ ಮುಂದೆ ಕಿರುಬೆರಳು ಎತ್ತುತ್ತಿದ್ದಳು. "ಏನಮ್ಮ, ನಿಂಗೆ ಸಕ್ಕರೆ ಕಾಯಿಲೆ ಏನಾದ್ರೂ ಐತಾ?" ಎಂದು ಅವರು ಒಂದು ದಿನ ಕಾಳಜಿಯಿಂದಲೇ ಕೇಳಿದರು. "ನಮ್ಮ ಮನೆತನದಾಗೇ ಐತೆ ಸಾರ್," ಎಂದು ಹೇಳಿ ಅವಳು ಓಡಿದಳು.

ಆದರೆ ಹೀಗೆ ಎಷ್ಟು ದಿನ? ವಿಜ್ಞಾನದ ಮೇಷ್ಟ್ರಿಗೆ ಅರ್ಥವಾಗಿತ್ತು. ಇಂಟರ್ನಲ್ ಅಂಕ ತಮ್ಮ ಕೈಯಲ್ಲಿದೆ ಎಂದು ಕ್ಲಾಸಿನಲ್ಲಿ ನಮ್ಮಿಬ್ಬರನ್ನು ನೋಡಿಕೊಂಡೇ ಹೇಳಿದರು. ಅವತ್ತು ಸಂಜೆ ನಾನು ಅಜ್ಜಿಗೆ ಹೇಳಿದೆ.

ಅಪ್ಪ ಅಮ್ಮ ಹೊಲದಿಂದ ಬರುವುದಕ್ಕೆ ಮೊದಲು ಅಜ್ಜಿ ಒಬ್ಬಳೇ ಜಗುಲಿಯ ಮೇಲೆ ಕೂತು ಬೀಜಕ್ಕೆಂದು ಕಡಲೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತ, ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ಒಡೆಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು. ನಾನು ಮುಗಿಸಿದ ಮೇಲೆ ಅವಳು ಕೇಳಿದಳು:

"ತಲೆ ಯಾಕೆ ತಗ್ಸಿದೀಯ?"

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ.

"ನೀನೇನಾರ ಮಾಡಿದೀಯಾ?"

"ಇಲ್ಲ."

"ಮತ್ತೆ? ಎತ್ತು ತಲೆ. ನನ್ನ ಮುಂದೆ ತಲೆ ತಗ್ಸಿ ಕುಂತ್ಕಬ್ಯಾಡ. ಯಾರ ಮುಂದೂ ಕುಂತ್ಕಬ್ಯಾಡ."

ಆಮೇಲೆ ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಸೆರಗಿಗೆ ಮೆತ್ತಿದ ಕಡಲೆಕಾಯಿ ಧೂಳೆಲ್ಲ ನನ್ನ ಕೆನ್ನೆಗೆ ಬಂತು. ಅಮ್ಮ ಬಂದ ಮೇಲೆ ಅಜ್ಜಿಯೇ ಅವಳಿಗೆ ತಿಳಿಸಿದಳು. ಅಮ್ಮ ಮೊದಲು ಗಾಬರಿಬಿದ್ದು, "ಸುಮ್ನಿರು, ಊರಿಗೆಲ್ಲ ಗೊತ್ತಾದ್ರೆ ಹೆಂಗೆ? ಪರೀಕ್ಷೆ ಮುಗುದ್ರೆ ಆತು," ಎಂದಳು. "ನಿನ್ನ ಮಗಳದು ಮುಗೀತೈತೆ. ಆಮೇಲೆ ಬರೋ ಹುಡ್ರದು?" ಎಂದು ಅಜ್ಜಿ ಕೇಳಿದಳು. ಅಮ್ಮ ಒಲೆಯ ಮುಂದೆ ಕೂತು ಬಹಳ ಹೊತ್ತು ಮುದ್ದೆ ತಿರುವಿದಳು. ಅವತ್ತಿನ ಮುದ್ದೆಯಷ್ಟು ನುಣ್ಣಗಿನ ಮುದ್ದೆಯನ್ನು ನಾನು ಆಮೇಲೆ ತಿಂದಿಲ್ಲ. ಬೆಳಗ್ಗೆ ನನ್ನ ಜಡೆ ಹೆಣೆಯುತ್ತ, "ಅದ್ಯಾರಿಗೆ ಹೇಳ್ಬೇಕೋ ಹೇಳು," ಎಂದಳು.

ನಾವು ಹೇಳಿದ್ದು ಕನ್ನಡ ಮಿಸ್ಸಿಗೆ. ಅವರು ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಮೆಲುದನಿ, ಸಿಟ್ಟು ಬಂದರೆ ಚಾಕ್‌ಪೀಸು ಕೆಳಗಿಟ್ಟು ಕಿಟಕಿ ನೋಡುವರು, ಅಷ್ಟೇ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ನಾವು ಗುಂಪಾಗಿ ಒಳಗೆ ಹೋದೆವು. ಗೆಳತಿ ಹೇಳಿದಳು, ನಾನು ಹೇಳಿದೆ, ಸಣ್ಣ ಹುಡುಗಿ ನನ್ನ ಹಿಂದೆ ನಿಂತು ತಲೆಯಾಡಿಸಿತು. ಮಿಸ್ಸಿನ ಕಣ್ಣು ತುಂಬಿದವು.

"ಇಷ್ಟು ದಿನ ನಿಮ್ಮ ಜೊತೆಗೇ ಇದೀನಿ, ನಂಗೆ ಗೊತ್ತಾಗ್ಲಿಲ್ಲ ಅಲ್ರೇ," ಎಂದರು. "ನೀವು ಹೇಳಿದ್ದನ್ನ ನಾನು ಪೂರ್ತಿ ನಂಬ್ತೀನಿ. ಮೊದ್ಲು ಅದು ತಿಳ್ಕಳಿ. ಇನ್ನು ಹೆಡ್ ಮಾಸ್ಟ್ರ ಹತ್ರ ನೀವು ಮುಂದೆ ನಡೀರಿ, ನಾನು ಹಿಂದೆ ಬತ್ತೀನಿ. ಇಲ್ಲ, ಬ್ಯಾಡ. ನಾನೇ ಮುಂದೆ ನಡೀತೀನಿ."

ಹೆಡ್ ಮಾಸ್ಟರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಾಗಿದ್ದರು, ಎಲ್ಲವೂ ಸದ್ದಿಲ್ಲದೆ ಮುಗಿದರೆ ಸಾಕಾಗಿತ್ತು. ನಮ್ಮ ಮಾತು ಕೇಳುತ್ತ ಮೇಜಿನ ಮೇಲಿನ ಪೇಪರ್‌ವೇಟನ್ನು ಸುತ್ತಿಸುತ್ತಿದ್ದರು. "ಎಸ್ಸೆಸ್ಸೆಲ್ಸಿ ಹತ್ರ ಬಂದೈತೆ. ಶಾಲೆ ಮರ್ಯಾದೆ ಪ್ರಶ್ನೆ. ನಾನೇ ಅವರನ್ನ ಕರೆದು ಮಾತಾಡ್ತೀನಿ. ನೀವು ಹೊರಗೆಲ್ಲೂ ಬಾಯಿ ಬಿಡಬ್ಯಾಡ್ರಿ," ಎಂದರು. ಇದನ್ನು ಪೊಲೀಸರಿಗೆ ತಿಳಿಸುವುದು ಕಾನೂನು ಎಂದು ಮಿಸ್ಸು ಹೇಳಿದರು. "ಎರಡು ದಿನ ಟೈಮ್ ಕೊಡಿ ಮೇಡಂ," ಎಂದರು ಹೆಡ್ ಮಾಸ್ಟರು.

ಆ ಎರಡು ದಿನದಲ್ಲಿ ಆಗಬಾರದ್ದು ಆಯಿತು. ಹೆಡ್ ಮಾಸ್ಟರು ಕರೆದು ಕೇಳಿದ್ದೇ ತಡ, ವಿಜ್ಞಾನದ ಮೇಷ್ಟ್ರು ಹೋಟೆಲಿನಲ್ಲಿ ನನ್ನ ಗೆಳತಿಯ ಅಪ್ಪನನ್ನು ಕೂರಿಸಿಕೊಂಡು, ನಿಮ್ಮ ಮಗಳು ಕ್ಲಾಸಿನಲ್ಲಿ ಗುಂಪು ಕಟ್ಟುತ್ತಾಳೆ, ಹುಡುಗರ ಜೊತೆ ಸಲಿಗೆ ಜಾಸ್ತಿ, ಬುದ್ಧಿ ಹೇಳಿದ್ದಕ್ಕೆ ನನ್ನ ಮೇಲೇ ಇಲ್ಲದ್ದು ಹೊರಿಸುತ್ತಿದ್ದಾಳೆ ಎಂದು ಹೇಳಿದ್ದರು. ಮರುದಿನ ಬೆಳಗಿನ ಬಸ್ಸಿನಲ್ಲಿ ಅವಳು ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಬೆಂಚಿನ ಮೇಲೆ ಅವಳ ಜಾಗಕ್ಕೆ ನಾನು ನನ್ನ ಬ್ಯಾಗು ಇಟ್ಟುಕೊಂಡೆ. ಬೇರೆಯವರು ಕೂರಲು ಬಂದರೆ ಜಗಳವಾಡಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾವೆಲ್ಲ ಅವಳ ಹಟ್ಟಿಗೆ ಹೊರಟೆವು. ಅಜ್ಜಿ ತಾನೂ ಬರುತ್ತೇನೆಂದು ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಹುಣಸೆ ಮರದ ಪಕ್ಕದ ಕಾಲುದಾರಿಯಲ್ಲಿ, ಕುರಿ ಹಿಕ್ಕೆಯ ವಾಸನೆ ಹಿಡಿದು ನಡೆದೆವು. ಮಂದೆಯೆಲ್ಲ ಮೇಯಲು ಹೋಗಿತ್ತು. ಅವಳ ಅಪ್ಪ ಅಂಗಳದಲ್ಲಿ ಕುಂಟುತ್ತಿದ್ದ ಒಂದು ಕುರಿಯನ್ನು ಮೊಣಕಾಲ ಮಧ್ಯೆ ಹಿಡಿದು ಗೊರಸಿಗೆ ಔಷಧಿ ಹಚ್ಚುತ್ತಿದ್ದರು. ನಮ್ಮ ದಂಡು ನೋಡಿ ಅವರ ಮುಖ ಬಿಗಿಯಿತು. ಅಜ್ಜಿಯನ್ನು ನೋಡಿ ಎದ್ದರು.

"ಬರ್ರಿ ಅಜ್ಜಿ, ಕುಂತ್ಕಳ್ರಿ."

ಅಜ್ಜಿ ಕಂಬಳಿಯ ಮೇಲೆ ಕೂತಳು. "ಹುಡುಗಿ ಎಲ್ಲಪ್ಪ?"

"ಒಳಗೈತೆ. ಇನ್ನ ಶಾಲೆ ಸಾಕು ಅಜ್ಜಿ. ಓದಿದ್ದು ಸಾಕು. ಹೆಣ್ ಹುಡುಗಿ ಹೆಸ್ರು ಕೆಟ್ರೆ ಆಮೇಲೆ ಯಾರ್ ಹೊಣೆ?"

ನನ್ನ ಗೆಳತಿ ಬಾಗಿಲಿಗೆ ಬಂದು ನಿಂತಳು. ಅಳುವುದನ್ನು ನಾನು ಯಾವತ್ತೂ ನೋಡದಿದ್ದವಳ ಕಣ್ಣು ಊದಿಕೊಂಡಿದ್ದವು. ಅವಳು ಅಪ್ಪನಿಗೆ ಏನೂ ಹೇಳಿರಲಿಲ್ಲ. ಅಪ್ಪನಿಗೆ ನೋವಾಗುತ್ತದೆ ಎಂದು ಹೇಳಿರಲಿಲ್ಲವಂತೆ.

ನಾನು ಹೇಳಿದೆ: "ಮಾವ, ಅವಳೊಬ್ಬಳಿಗೇ ಅಲ್ಲ. ನಂಗೂ ಹಂಗೇ ಮಾಡಿದ್ರು."

"ಏನು ಮಾಡಿದ್ರು?" ಎಂದರು ಅವರು. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಅಜ್ಜಿ ನಾಲ್ಕು ಮಾತಿನಲ್ಲಿ ತಿಳಿಸಿದಳು. ನನ್ನ ಪಕ್ಕದವಳು, "ನಂಗೂ ಮಾವ," ಎಂದಳು. ಒಂಬತ್ತನೇ ತರಗತಿಯ ಸಣ್ಣ ಹುಡುಗಿ ಅವತ್ತು ಮೊದಲ ಸಲ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದು, "ನಂಗೂ. ಅಕ್ಕ ಇಲ್ದಿದ್ರೆ ನಾನು ಶಾಲೆ ಬಿಟ್ಬಿಡ್ತಿದ್ದೆ," ಎಂದಿತು.

ಅವರು ಕುರಿಯನ್ನು ಬಿಟ್ಟರು. ಅದು ಕುಂಟುತ್ತ ಹೋಯಿತು. ಅವರು ಮಗಳ ಮುಖವನ್ನೇ ನೋಡುತ್ತ ನಿಂತರು. ಅವಳು ಮೆಲ್ಲಗೆ ತಲೆಯಾಡಿಸಿದಳು. ಅವರು ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ಹೊರಟೇಬಿಟ್ಟರು.

"ಕುಂತ್ಕ," ಎಂದಳು ಅಜ್ಜಿ.

"ಬಿಡು ಅಜ್ಜಿ, ಅವನ್ನ ಇವತ್ತು..."

"ಕುಂತ್ಕ ಅಂದೆ. ನೀನು ಹೋಗಿ ಹೊಡುದ್ರೆ ನೀನು ಸ್ಟೇಷನ್‌ನಾಗಿರ್ತೀಯ, ಅವ್ನು ಮನೆಯಾಗೆ ಉಣ್ತಾ ಇರ್ತಾನೆ. ಹುಡ್ರು ಏನೋ ಮಾಡಾಣ ಅಂತವ್ರೆ. ಅದನ್ನ ಕೇಳು ಮೊದ್ಲು."

ಅವರು ಕೂತರು. ಕೋಲು ಕೈಯಲ್ಲೇ ಇತ್ತು. ಮಗಳು ಬಂದು ಪಕ್ಕದಲ್ಲಿ ಕೂತು ಕೋಲನ್ನು ಮೆತ್ತಗೆ ಬಿಡಿಸಿಕೊಂಡಳು. "ನಂಗ್ಯಾಕೆ ಹೇಳ್ಲಿಲ್ಲವ್ವ?" ಎಂದು ಅವರು ಕೇಳಿದ ದನಿ ನನಗೆ ಈಗಲೂ ನೆನಪಿದೆ. ಬೈಗುಳವಿರಲಿಲ್ಲ ಅದರಲ್ಲಿ. ನಾವು ಮಾಡಬೇಕೆಂದುಕೊಂಡದ್ದನ್ನು ಕೇಳಿಸಿಕೊಂಡ ಮೇಲೆ ಅವರೇ ಒಳಗೆ ಹೋಗಿ ನಮಗೆಲ್ಲ ಟೀ ಕಾಯಿಸಿ ತಂದರು. ಲೋಟ ಸಾಲದೆ ಇಬ್ಬಿಬ್ಬರು ಒಂದೊಂದು ಲೋಟದಲ್ಲಿ ಕುಡಿದೆವು. ಸಕ್ಕರೆ ಎಷ್ಟು ಸುರಿದಿದ್ದರೆಂದರೆ ತಳದಲ್ಲಿ ನಿಂತಿತ್ತು. ಬೆರಳಲ್ಲಿ ತೆಗೆದು ನೆಕ್ಕಿದೆವು.

ಸೋಮವಾರ ಅವರು ಮಗಳನ್ನು ಮೊಪೆಡ್ ಮೇಲೆ ತಾವೇ ತಂದು ಬಿಟ್ಟರು. ಗೇಟಿನಿಂದ ಹೊರಗೆ, ಮರದ ಕೆಳಗೆ, ಅಜ್ಜಿಯ ಜೊತೆ ಕೂತುಕೊಂಡರು. ನನ್ನ ಅಮ್ಮನೂ ಬಂದಿದ್ದಳು. ಅವಳು ಹೊಲದ ಕೆಲಸ ಬಿಟ್ಟು ಬಂದದ್ದು ನನಗೆ ಮೊದಲು ಗೊತ್ತಿರಲಿಲ್ಲ.

ಪ್ರಾರ್ಥನೆಗೆ ಮೊದಲು ನನ್ನ ಗೆಳತಿ ನಮ್ಮ ಕ್ಲಾಸಿನ ಹುಡುಗರ ಹತ್ತಿರ ಹೋದಳು. "ಇವತ್ತು ನಾವು ಕ್ಲಾಸಿಗೆ ಹೋಗಲ್ಲ. ಅಂಗಳದಾಗೇ ಕುಂತ್ಕತೀವಿ. ನೀವೂ ಕುಂತ್ಕಳ್ರಿ," ಎಂದಳು.

"ಯಾಕೆ? ಏನಾಗೈತೆ ಹೇಳು," ಎಂದ ಒಬ್ಬ.

"ಕೇಳಬ್ಯಾಡ. ನಿನ್ ತಂಗಿ ಎಂಟನೇ ಕ್ಲಾಸಿನಾಗೆ ಇದಾಳಲ್ಲ, ಅವಳಿಗಾಗಿ ಅಂದ್ಕ."

ಪ್ರಾರ್ಥನೆ ಮುಗಿಯಿತು. ಕ್ಲಾಸಿಗೆ ನಡೆಯಿರಿ ಎಂದು ಸೀಟಿ ಊದಿದರು. ನಾವು ಹುಡುಗಿಯರು ಇದ್ದಲ್ಲೇ ಮಣ್ಣಿನ ಮೇಲೆ ಕೂತೆವು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಇದ್ದ ಹುಡುಗ ಕೂತ. ಅವನ ಪಕ್ಕದವನು ಕೂತ. ಹಿಂದೆ ಎಂಟನೇ ತರಗತಿಯ ಪುಟಾಣಿಗಳು ಏನೆಂದು ಅರ್ಥವಾಗದೆ ದೊಡ್ಡವರು ಕೂತರೆಂದು ತಾವೂ ಕೂತವು. ವಿಜ್ಞಾನದ ಮೇಷ್ಟ್ರು ಜಗುಲಿಯ ಮೇಲೆ ನಿಂತು, "ಏಳ್ರಿ ಮೇಲೆ! ಏನು ಇದು ನಾಟಕ?" ಎಂದು ಕೂಗಿದರು. ಯಾರೂ ಏಳಲಿಲ್ಲ, ಯಾರೂ ಮಾತಾಡಲಿಲ್ಲ. ನಾವು ಘೋಷಣೆ ಕೂಗಬೇಕೆಂದುಕೊಂಡಿದ್ದೆವು. ನನ್ನ ಗೆಳತಿ ಒಂದನ್ನು ಬಾಯಿಪಾಠ ಕೂಡ ಮಾಡಿದ್ದಳು, ಆ ಹೊತ್ತಿಗೆ ಅವಳಿಗದು ಮರೆತೇಹೋಯಿತು.

ಕನ್ನಡ ಮಿಸ್ಸು ಜಗುಲಿಯಿಂದ ಇಳಿದು ಬಂದರು. ಇಸ್ತ್ರಿ ಮಾಡಿದ ಸೀರೆಯಲ್ಲೇ ನಮ್ಮ ಪಕ್ಕ ಮಣ್ಣಿನ ಮೇಲೆ ಕೂತರು. ಅಲ್ಲಿಂದಲೇ ಫೋನ್ ತೆಗೆದು ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರು. ಆ ನಂಬರು ನಮ್ಮ ಶಾಲೆಯ ಗೋಡೆಯ ಮೇಲೇ ದೊಡ್ಡದಾಗಿ ಬರೆದಿತ್ತು. ದಿನಾ ಅದರ ಮುಂದೆಯೇ ಕೈ ತೊಳೆಯುತ್ತಿದ್ದೆವು. ಹೆಡ್ ಮಾಸ್ಟರು ಮೆಟ್ಟಿಲ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಗೇಟಿನ ಹೊರಗೆ ಕೂತಿದ್ದ ನಮ್ಮ ಮನೆಯವರನ್ನು ಒಳಗೆ ಕರೆದು ಕುರ್ಚಿ ಹಾಕಿಸಿದರು. "ನಾನು ಅವತ್ತೇ ಫೋನ್ ಮಾಡ್ಬೇಕಿತ್ತು," ಎಂದು ನನ್ನ ಗೆಳತಿಯ ಅಪ್ಪನಿಗೆ ಹೇಳಿ, ತಾವೇ ಶಿಕ್ಷಣಾಧಿಕಾರಿಗಳ ಕಚೇರಿಗೆ ಫೋನ್ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಚಿತ್ರದುರ್ಗದಿಂದ ಸಹಾಯವಾಣಿಯ ಇಬ್ಬರು ಹೆಂಗಸರು ಜೀಪಿನಲ್ಲಿ ಬಂದರು. ಹಿರಿಯೂರಿನಿಂದ ಒಬ್ಬರು ಮಹಿಳಾ ಪೊಲೀಸ್, ಯೂನಿಫಾರ್ಮ್ ಇಲ್ಲದೆ, ಚೂಡಿದಾರದಲ್ಲಿ ಬಂದಿದ್ದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರು. ಬೇಕಿದ್ದವರು ತಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು ಎಂದರು. ಅಮ್ಮ ನನ್ನ ಪಕ್ಕ ಕೂತು ಉದ್ದಕ್ಕೂ ನನ್ನ ಕೈ ಹಿಡಿದಿದ್ದಳು. ಕಳೆ ಕಿತ್ತು ಕಿತ್ತು ಒರಟಾದ ಕೈ ಅದು. ಸಂಜೆ ವಿಜ್ಞಾನದ ಮೇಷ್ಟ್ರನ್ನು ಪೊಲೀಸರು ಕರೆದುಕೊಂಡು ಹೋದರು. ಆ ವಾರದಲ್ಲೇ ಅವರನ್ನು ಅಮಾನತು ಮಾಡಿದರು.

ಎಲ್ಲವೂ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಹೋಟೆಲಿನ ಬೆಂಚಿನ ಮೇಲೆ ಕೂತವರು, ಹೆಣ್ ಹುಡ್ರು ಸೇರಿ ಒಳ್ಳೇ ಮೇಷ್ಟ್ರ ಬದುಕು ಹಾಳು ಮಾಡಿದರು ಎಂದು ನಮಗೆ ಕೇಳಿಸುವಂತೆಯೇ ಹೇಳುತ್ತಿದ್ದರು. ಎದುರಿಗೆ ಕೂತು, ನಂಗೂ, ಎಂದು ಹೇಳಿದ್ದ ಹುಡುಗಿಯನ್ನು ಅವಳ ಚಿಕ್ಕಪ್ಪ ಬೇರೆ ಊರಿಗೆ ಕಳಿಸಿಬಿಟ್ಟರು. ಅವಳು ಹೊಸದುರ್ಗದಲ್ಲಿ ಅತ್ತೆಯ ಮನೆಯಲ್ಲಿದ್ದು ಪರೀಕ್ಷೆ ಬರೆದಳು. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತ, "ನನ್ನ ಮರೀಬ್ಯಾಡ್ರಲೇ," ಎಂದು ಕೂಗಿದಳು. ಮರೆತಿಲ್ಲ. ಅವಳ ಮದುವೆಗೆ ಹೋಗಿ ಬಂದೆವು, ಅವಳ ಮಗುವಿಗೆ ಈಗ ಹಲ್ಲು ಬರುತ್ತಿದೆ.

ಬೇರೆ ವಿಜ್ಞಾನದ ಮೇಷ್ಟ್ರು ಬರಲಿಲ್ಲ. ಪರೀಕ್ಷೆ ತಲೆಯ ಮೇಲೆ ಕೂತಿತ್ತು. ಕಡೆಗೆ ಕನ್ನಡ ಮಿಸ್ಸೇ ವಿಜ್ಞಾನದ ಪುಸ್ತಕ ಹಿಡಿದು ಬಂದರು. ಅವರಿಗೂ ಅಷ್ಟಾಗಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಓದಿಕೊಂಡು ಬಂದು ಹೇಳಿಕೊಡುತ್ತಿದ್ದರು. ರಾಸಾಯನಿಕ ಸಮೀಕರಣವನ್ನು ಹಳೆಗನ್ನಡ ಪದ್ಯದಂತೆ ಬಿಡಿಸಿ ಬಿಡಿಸಿ ಬರೆದು, ಅನ್ವಯ ಮಾಡಿ, ಗಟ್ಟಿಯಾಗಿ ಓದಿಸುತ್ತಿದ್ದರು. "ಸೋಡಿಯಂ ಎಂಬುದು ಕ್ಲೋರಿನ್ ಎಂಬುದರೊಡನೆ ಕೂಡಲಾಗಿ..." ಎಂದು ನಾವು ರಾಗವಾಗಿ ಹೇಳುತ್ತಿದ್ದೆವು. ಪಕ್ಕದ ಕ್ಲಾಸಿನವರು ಪದ್ಯ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು. ನಾನು ಹೇಗೋ ಪಾಸಾದೆ. ನನ್ನ ಗೆಳತಿ ವಿಜ್ಞಾನದಲ್ಲಿ ನನಗಿಂತ ಜಾಸ್ತಿ ತೆಗೆದು, ಗಣಿತದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದಳು.

ಪರೀಕ್ಷೆಗೆ ಮುಂಚೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಿತ್ತು. ಸಾಮಾನ್ಯವಾಗಿ ಅಲ್ಲಿ ಮಕ್ಕಳು ಬಿಸ್ಕತ್ತು ತಿಂದು, ಭಾಷಣ ಕೇಳಿ ಬರುವುದು. ಆ ಸಲ ಗೆಳತಿ ಎದ್ದು ನಿಂತು ಮೈಕು ಕೇಳಿದಳು. ಲ್ಯಾಬಿನ ಬಾಗಿಲಿಗೆ ಗಾಜು ಹಾಕಿಸಿ, ಹುಡುಗಿಯರ ದೂರು ಕೇಳಲು ಹೆಂಗಸರೇ ಇರುವ ಒಂದು ಸಮಿತಿ ಮಾಡಿ, ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿಕೊಂಡು ಚುಡಾಯಿಸುವವರಿಗೆ ಯಾರಾದರೂ ಹೇಳಿ ಎಂದು ಒಂದೇ ಉಸಿರಿಗೆ ಹೇಳಿದಳು. ಅಧ್ಯಕ್ಷರು ಎಲ್ಲದಕ್ಕೂ ಆಯ್ತಮ್ಮ ಆಯ್ತಮ್ಮ ಎಂದರು. ಗಾಜು ಬೇಗ ಬಂತು. ಸಮಿತಿಗೆ ಒಂದಷ್ಟು ಓಡಾಡಬೇಕಾಯಿತು. ಬೈಕಿನವರ ಜೊತೆ ಮಾತ್ರ ಆದಿವಾಲದ ಕಡೆಯಿಂದ ಬರುತ್ತಿದ್ದ ಕಂಡಕ್ಟರಮ್ಮ ಒಂದು ದಿನ ಬಸ್ಸು ನಿಲ್ಲಿಸಿ, ಇಳಿದು ಹೋಗಿ ಮಾತಾಡಿದರು. ಆಮೇಲೆ ಆ ಬೈಕುಗಳು ಅಲ್ಲಿ ಕಾಣಲಿಲ್ಲ.

ಸುದ್ದಿ ಹೇಗೆ ಹರಡಿತೋ, ಹೊಳಲ್ಕೆರೆಯ ಹಾಸ್ಟೆಲಿನಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿ, "ಅಕ್ಕ, ನಮ್ಮಲ್ಲೂ ಒಂಥರಾ ತೊಂದ್ರೆ ಐತೆ, ನೀವೆಂಗೆ ಮಾಡಿದ್ರಿ ಬಂದು ಹೇಳ್ರಿ," ಎಂದಳು. ರಜೆಯಲ್ಲಿ ಮಿಸ್ಸು ವಾರ್ಡನ್ ಹತ್ತಿರ ಮಾತಾಡಿ ನಮ್ಮಿಬ್ಬರನ್ನು ಕರೆದುಕೊಂಡು ಹೋದರು. ನನ್ನ ಗೆಳತಿಗೆ ದೂರದ ಬಸ್ಸು ಆಗದು. ಊರು ಬರುವಷ್ಟರಲ್ಲಿ ವಾಂತಿ ಮಾಡಿ ಮಾಡಿ ಸೋತುಹೋದಳು. ನಿಂಬೆಹಣ್ಣು ಮೂಸುತ್ತಲೇ ಹಾಸ್ಟೆಲಿನ ಹುಡುಗಿಯರ ಮುಂದೆ ನಿಂತಳು. ಅವಳು ದೊಡ್ಡ ಮಾತೇನೂ ಆಡಲಿಲ್ಲ. "ಮೊದ್ಲು ನಿಮ್ಮ ನಿಮ್ಮಲ್ಲಿ ಮಾತಾಡ್ಕಳ್ರಿ. ಒಬ್ಬಳು ಹೇಳಿದ್ರೆ ಇನ್ನೊಬ್ಬಳು ನಂಬ್ರಿ. ಆಮೇಲೆ ಯಾರಾದ್ರೂ ಒಬ್ರು ದೊಡ್ಡವರನ್ನ ಹಿಡೀರಿ, ಕೇಳೋವರೆಗೂ ಬಿಡಬ್ಯಾಡ್ರಿ," ಎಂದು ಹೇಳಿ ಮತ್ತೆ ಬಾತ್‌ರೂಮಿಗೆ ಓಡಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಒಳಗಿನಿಂದ ಅವಳು, "ಸುಮ್ನಿರ್ರಲೇ," ಎಂದು ಕೂಗಿದ್ದು ಕೇಳಿ ಎಲ್ಲರೂ ನಕ್ಕೆವು.

ಕೇಸು ಚಿತ್ರದುರ್ಗದ ಕೋರ್ಟಿನಲ್ಲಿ ನಡೆಯಿತು. ನಾವು ಪಿಯುಸಿಯಲ್ಲಿದ್ದಾಗ ಸಾಕ್ಷಿಗೆ ಕರೆದರು. ವಿಜ್ಞಾನದ ಮೇಷ್ಟ್ರ ಮುಖ ನಮಗೆ ಕಾಣದಂತೆ ನಡುವೆ ಪರದೆ ಹಾಕಿದ್ದರು. ಜಡ್ಜ್ ಮೇಡಂ ಮೊದಲು ಕೇಳಿದ್ದು, "ತಿಂಡಿ ತಿಂದ್ಯಾಮ್ಮ?" ಎಂದು. ತಿಂದಿರಲಿಲ್ಲ, ತಿಂದೆ ಎಂದೆ. ಆ ಕಡೆಯ ವಕೀಲರು ಕೇಳಿದ್ದನ್ನೇ ತಿರುತಿರುಗಿಸಿ ಕೇಳಿದರು. ನಾನು ಹೇಳಿದ್ದನ್ನೇ ಹೇಳಿದೆ. ಹೊರಗೆ ಬಂದರೆ ಅಜ್ಜಿ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ನನ್ನ ಗೆಳತಿಯ ಅಪ್ಪ, ಮಿಸ್ಸು, ಸಣ್ಣ ಹುಡುಗಿಯ ತಾಯಿ ಎಲ್ಲರೂ ರೊಟ್ಟಿ ಚಟ್ನಿ ಹಂಚಿಕೊಂಡು ತಿಂದೆವು. ಸಣ್ಣ ಹುಡುಗಿ ಆಗಲೇ ನನ್ನ ಎತ್ತರಕ್ಕೆ ಬೆಳೆದಿದ್ದಳು.

ತೀರ್ಪು ಬರಲು ಇನ್ನೂ ಸಾಕಷ್ಟು ಸಮಯ ಹಿಡಿಯಿತು. ಅಜ್ಜಿ ಅದನ್ನು ಕೇಳಲು ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು, ಹೆಚ್ಚು ದಿನ ಮಲಗದೆ ಹೋಗಿಬಿಟ್ಟಳು. ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತ ಹಾಸ್ಟೆಲಿನಲ್ಲಿದ್ದೆ. ಮಿಸ್ಸು ಫೋನ್ ಮಾಡಿ, ಶಿಕ್ಷೆಯಾಯಿತು, ಜೈಲಿಗೆ ಕಳಿಸಿದರು ಎಂದರು. ಕುಣಿಯಬೇಕು ಅನಿಸಲಿಲ್ಲ. ಮಂಚದ ಮೇಲೆ ಸುಮ್ಮನೆ ಕೂತೆ. ಅಜ್ಜಿಗೆ ಹೇಳಬೇಕಿತ್ತು ಅನಿಸಿ ಆಗ ಅಳು ಬಂತು, ಚೆನ್ನಾಗಿ ಅತ್ತೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಊಟ ಮಾಡು ಹೋಗು," ಎಂದಳು ಕಡೆಗೆ.

ಮುಂದಿನ ಭಾನುವಾರ ನನ್ನ ಗೆಳತಿ ಬಂದಳು. ಅವಳೀಗ ಪಶುವೈದ್ಯಕೀಯ ಡಿಪ್ಲೊಮಾ ಮುಗಿಸುತ್ತಿದ್ದಾಳೆ. ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಅಪ್ಪನ ಮೊಪೆಡ್ ಓಡಿಸಿಕೊಂಡೇ ಬಂದಿದ್ದಳು. ಜೋಗಿಮಟ್ಟಿ ಬೆಟ್ಟಕ್ಕೆ ಹೋಗಾಣ ಎಂದಳು. ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆವು. ಏರಿನಲ್ಲಿ ಮೊಪೆಡ್ ಉಸಿರು ಬಿಟ್ಟಿತು, ನಾನು ಇಳಿದು ಹಿಂದಿನಿಂದ ತಳ್ಳಿದೆ, ಅವಳು ಕೂತೇ ಇದ್ದಳು.

ಮೇಲೆ ಗಾಳಿಯೋ ಗಾಳಿ. ಪೊಟ್ಟಣ ಬಿಚ್ಚಿದರೆ ಮಂಡಕ್ಕಿ ಹಾರಿಹೋಗುತ್ತಿತ್ತು. ಇಬ್ಬರೂ ಬೆನ್ನು ಅಡ್ಡ ಕೊಟ್ಟು ತಿಂದೆವು. ಕೆಳಗೆ ಎಲ್ಲೋ ನವಿಲು ಕೂಗುತ್ತಿತ್ತು.

"ಲೇ, ಅವತ್ತು ಅಂಗಳದಾಗೆ ಕುಂತಾಗ ನಿಂಗೆ ಹೆದರಿಕೆ ಆಗಿತ್ತಾ?" ಎಂದು ಕೇಳಿದೆ.

"ಪ್ರಾಣ ಹೋಗಂಗಾಗಿತ್ತು," ಎಂದಳು. "ನಿಂಗೆ ಆಗಿರ್ಲಿಲ್ಲ, ಅದ್ಕೇ ನಾನೂ ಕುಂತೆ."

"ನಂಗೆ ಆಗಿರ್ಲಿಲ್ಲ ಅಂತ ಯಾರ್ ಹೇಳಿದ್ರು ನಿಂಗೆ? ನೀನು ಕುಂತಿದ್ದು ನೋಡಿ ನಾನು ಕುಂತಿದ್ದು!"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು, ನಾನೂ ನಕ್ಕೆ. ಮೆಣಸಿನಕಾಯಿ ಖಾರ ನೆತ್ತಿಗೇರಿ ಇಬ್ಬರಿಗೂ ಕೆಮ್ಮು ಬಂತು. ಗೇಟು ಮುಚ್ಚುವ ಹೊತ್ತಾಯಿತು, ಇಳೀರಮ್ಮ ಎಂದು ಅರಣ್ಯ ಇಲಾಖೆಯವರು ಬಂದು ಎಬ್ಬಿಸಿದರು. ನಾವು ಕಣ್ಣು ಒರೆಸಿಕೊಳ್ಳುತ್ತ, ಇನ್ನೂ ನಗುತ್ತ, ಮೊಪೆಡ್ಡನ್ನು ಇಳಿಜಾರಿಗೆ ಬಿಟ್ಟೆವು.